ತೋಳಿನ ಸೆನ್ಸರ್ ಹೇಳುವುದೇನು?

‘ರಾಗಿ ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ, ಅಲ್ಲವೇ?’ ಕಡೂರಿನ ಕಡೆ ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ರಾಗಿಯಲ್ಲಿಯೂ ಇರುವುದು ಹೆಚ್ಚಾಗಿ ಪಿಷ್ಟವೇ. ಮುದ್ದೆ ದೊಡ್ಡದಾದಂತೆ ರಕ್ತದ ಸಕ್ಕರೆಯೂ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾಡಿಸುವ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ನಿರಂತರ ಗ್ಲೂಕೋಸ್ ಮಾಪಕದಲ್ಲಿ ಕಾಣುತ್ತದೆ.

ಅಮೆರಿಕದಲ್ಲಿ 1999ರಲ್ಲಿ ಮೊದಲ ಬಾರಿಗೆ ಮಾನ್ಯತೆ ಪಡೆದ ಈ ಬಗೆಯ ಸಾಧನ ಈಗ ನಮ್ಮಲ್ಲಿಯೂ ದೊರೆಯುತ್ತದೆ. ನಾಣ್ಯದಷ್ಟು ಅಗಲದ ಸೆನ್ಸರನ್ನು ಸಾಮಾನ್ಯವಾಗಿ ತೋಳಿನ ಹಿಂಬದಿಗೆ ಅಂಟಿಸುತ್ತಾರೆ. ಅದರ ತೆಳುವಾದ ಎಳೆ ಚರ್ಮದ ಕೆಳಗಿದ್ದು, ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆಯನ್ನು ಅಳೆಯುತ್ತದೆ. ಹೆಚ್ಚಿನವು 10ರಿಂದ 15 ದಿನ ಕೆಲಸ ಮಾಡುತ್ತವೆ.

ಇದು ಅಳೆಯುವುದು ರಕ್ತದಲ್ಲಿನ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿನ ಸಕ್ಕರೆಯನ್ನು. ರಕ್ತದಲ್ಲಾದ ಏರಿಳಿತ ಅಲ್ಲಿ ಕಾಣಲು 5ರಿಂದ 15 ನಿಮಿಷ ಹಿಡಿಯಬಹುದು. ಆದ್ದರಿಂದ ಅಂಕಿಯನ್ನಷ್ಟೇ ಅಲ್ಲ, ಪಕ್ಕದ ಬಾಣವನ್ನೂ ನೋಡಬೇಕು. 100ರ ಪಕ್ಕದಲ್ಲಿ ಬಾಣ ಅಡ್ಡವಾಗಿದ್ದರೆ ನೆಮ್ಮದಿ, ಕೆಳಮುಖವಾಗಿದ್ದರೆ ಎಚ್ಚರಿಕೆ.

ತರೀಕೆರೆಯ ಅಡಿಕೆ ತೋಟದಲ್ಲೋ ಅಜ್ಜಂಪುರದ ಈರುಳ್ಳಿ ಹೊಲದಲ್ಲೋ ದುಡಿಯುವವರು ಇನ್ಸುಲಿನ್ ತೆಗೆದುಕೊಂಡು ಊಟ ತಡ ಮಾಡಿದರೆ, ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಬಿಸಿಲಿನ ಆಯಾಸವೆಂದು ಸುಮ್ಮನಿದ್ದರೆ ಪ್ರಜ್ಞೆಯೇ ತಪ್ಪಬಹುದು. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಯಬೇಕು. 15 ನಿಮಿಷದ ನಂತರ ಬೆರಳಿನ ರಕ್ತ ಪರೀಕ್ಷಿಸಿ, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ ಕುಡಿಯಬೇಕು. ಸೆನ್ಸರಿನ ಅಂಕಿ ಏರುವುದು ತಡವಾಗುವುದರಿಂದ ಅದೊಂದನ್ನೇ ನಂಬಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಸೆನ್ಸರ್ ಇರುವ ತೋಳನ್ನು ಒತ್ತಿಕೊಂಡು ಮಲಗಿದಾಗ ಸುಳ್ಳೇ ಕಡಿಮೆ ಅಂಕಿ ಬರುವುದುಂಟು. ದೇಹ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದರೆ ಬೆರಳಿನ ಪರೀಕ್ಷೆಯನ್ನೇ ನಂಬಿ.

ಒಂದೊಂದು ಸೆನ್ಸರಿಗೂ ಕೆಲವು ಸಾವಿರ ರೂಪಾಯಿ ಖರ್ಚು. ಎಲ್ಲರಿಗೂ ಇದು ಬೇಕಿಲ್ಲ. ಇನ್ಸುಲಿನ್ ಪಡೆಯುವವರಿಗೆ ಪ್ರಯೋಜನ ಹೆಚ್ಚು. ಒಮ್ಮೆ ಮಾತ್ರ ಹಾಕಿಸಿಕೊಳ್ಳುವವರು ಆ ದಿನಗಳ ಊಟ, ಕೆಲಸ, ನಿದ್ರೆ, ಔಷಧಿಯ ಹೊತ್ತನ್ನು ಚೀಟಿಯಲ್ಲಿ ಬರೆದಿಡಲಿ. ಬಹುತೇಕ ವಯಸ್ಕರಲ್ಲಿ ದಿನದ ಸುಮಾರು 17 ಗಂಟೆ ಸಕ್ಕರೆ 70ರಿಂದ 180ರೊಳಗೆ ಇರುವುದು ಗುರಿ. ವೃದ್ಧರಿಗೆ ವೈದ್ಯರು ಬೇರೆ ಗುರಿ ಹೇಳಬಹುದು. ನಕ್ಷೆ ನೋಡಿ ನೀವೇ ಇನ್ಸುಲಿನ್ ಪ್ರಮಾಣ ಬದಲಿಸಬೇಡಿ. ಚೀಟಿ, ನಕ್ಷೆ ಎರಡನ್ನೂ ವೈದ್ಯರ ಮುಂದಿಡಿ. ಮುದ್ದೆ ಬಿಡಬೇಕೋ, ಚಿಕ್ಕದು ಮಾಡಿದರೆ ಸಾಕೋ ಎಂಬುದಕ್ಕೆ ಉತ್ತರ ಆಗ ಸಿಗುತ್ತದೆ.