ಅಶ್ವಗಂಧ ಬೆಳೆಯಿರಿ, ಸುಳ್ಳು ಭರವಸೆ ಮಾರಬೇಡಿ

ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ವಾಟ್ಸಾಪ್‌ಗೆ ಒಂದು ವಾಯ್ಸ್ ಮೆಸೇಜ್ ಬಂತು. "ಅಣ್ಣಾ, ನಿಮ್ಮ ಒಂದೆಲಗದ ಪುಡಿ ತರಿಸಿದ್ವಿ. ನನ್ನ ಮಗನಿಗೆ ಫಿಟ್ಸ್ ಇದೆ. ಹದಿನೈದು ದಿನದಿಂದ ಪುಡಿ ಕೊಡ್ತಿದೀನಿ, ಒಂದ್ಸಲಾನೂ ಬಂದಿಲ್ಲ. ಇನ್ನು ಮಾತ್ರೆ ನಿಲ್ಲಿಸಬಹುದಾ?"

ನನ್ನ ಎದೆ ಧಸಕ್ ಅಂತು. ಯಾಕಂದ್ರೆ ಆ ಪ್ಯಾಕೆಟ್ ಮೇಲೆ "ಮೂರ್ಛೆ, ನಿದ್ರಾಹೀನತೆಗೆ ರಾಮಬಾಣ" ಅಂತ ಅಚ್ಚು ಹಾಕಿಸಿದ್ದು ನಾನೇ. ಯಾವುದೋ ಪೋಸ್ಟ್‌ನಿಂದ ಕಾಪಿ ಮಾಡಿದ್ದೆ. ತೋಟಗಾರಿಕೆ ಪದವಿ ಓದಿದ್ದೂ ಒಂದು ಸಲ ಪರೀಕ್ಷಿಸಿ ನೋಡಿರಲಿಲ್ಲ. ಕೂಡಲೇ ಫೋನ್ ಮಾಡಿದೆ: "ಅಕ್ಕಾ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಪುಡಿ ವಿಷಯಾನೂ ಡಾಕ್ಟರಿಗೆ ಹೇಳಿ."

ಆಮೇಲೆ ಕೂತು ಓದಿದೆ. ಔಷಧಿ ಗಿಡ ಬೆಳೆಯುವ, ಬೆಳೆಯಬೇಕು ಅಂದ್ಕೊಂಡಿರುವ ನಿಮಗೂ ಅದು ಗೊತ್ತಿರಲಿ ಅಂತ ಈ ವಾರದ ಬರಹ.

ಮೊದಲು ಹೆಸರಿನ ಗೊಂದಲ

ನಮ್ಮ ಕಡೆ ಬ್ರಾಹ್ಮಿ ಅಂದ್ರೆ ಒಂದೆಲಗ. ದುಂಡನೆ ಎಲೆ, ಬಚ್ಚಲ ನೀರು ಹರಿಯುವಲ್ಲಿ ಹಬ್ಬುತ್ತೆ, ತಂಬುಳಿ, ಚಟ್ನಿ ಮಾಡ್ತೀವಿ. ಇದರ ವೈಜ್ಞಾನಿಕ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಆದರೆ ಆಯುರ್ವೇದ ಔಷಧಿ ಕಂಪನಿಗಳು ಬ್ರಾಹ್ಮಿ ಅಂತ ಕೇಳುವುದು ಸಾಮಾನ್ಯವಾಗಿ ನೀರುಬ್ರಾಹ್ಮಿಯನ್ನು, ಅಂದ್ರೆ ಬಕೋಪಾ ಮೊನಿಯೆರಿ. ಅದರ ಎಲೆ ಸಣ್ಣದು, ದಪ್ಪ. ಒಂದೆಲಗಕ್ಕೆ ಅವರ ಪುಸ್ತಕದಲ್ಲಿ ಮಂಡೂಕಪರ್ಣಿ ಅಂತ ಹೆಸರು. ಖರೀದಿದಾರರ ಜೊತೆ ಮಾತಾಡುವಾಗ ಗಿಡದ ಫೋಟೋ ಕಳಿಸಿ, ಯಾವುದು ಬೇಕು ಅಂತ ಖಚಿತ ಮಾಡ್ಕೊಳ್ಳಿ. ಇಲ್ಲದಿದ್ರೆ ಮಾಲು ವಾಪಸ್ ಬರುತ್ತೆ.

ನಿದ್ದೆಗೆ ಏನಾದ್ರೂ ಇದೆಯಾ?

ಸ್ವಲ್ಪ ಇದೆ. ಅಶ್ವಗಂಧ, ನಮ್ಮ ಹಿರೇಮದ್ದಿನ ಗಿಡ, ಇದರ ಬೇರಿನ ಸಾರದ ಮೇಲೆ ಜನರಲ್ಲೇ ಪ್ರಯೋಗ ಆಗಿದೆ. ಒಟ್ಟು 400 ಜನರಿದ್ದ 5 ಪ್ರಯೋಗಗಳನ್ನು ಸೇರಿಸಿ ನೋಡಿದ ವಿಶ್ಲೇಷಣೆ 2021ರಲ್ಲಿ ಪ್ರಕಟವಾಯಿತು. ನಿದ್ದೆ ಸುಧಾರಿಸಿದ್ದು ನಿಜ, ಆದರೆ ಸಣ್ಣ ಪ್ರಮಾಣದಲ್ಲಿ. ದಿನಕ್ಕೆ 600 ಮಿಲಿಗ್ರಾಂ ಅಥವಾ ಹೆಚ್ಚು, 8 ವಾರ ತಗೊಂಡವರಲ್ಲಿ ಪರಿಣಾಮ ಹೆಚ್ಚು ಕಂಡಿತು. ಹಾಗಂತ ಎಲ್ಲರಿಗೂ ಅಲ್ಲ. ಗರ್ಭಿಣಿಯರು ತಗೋಬಾರದು. ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೆಲವರಿಗೆ ಲಿವರ್‌ಗೆ ತೊಂದರೆ ಆದ ವರದಿಗಳೂ ಇವೆ.

ಮೂರ್ಛೆ ರೋಗಕ್ಕೆ?

ಇಲ್ಲಿ ಕತೆ ಬೇರೆ. ನೀರುಬ್ರಾಹ್ಮಿ, ಒಂದೆಲಗದ ಮೇಲೆ ಆಗಿರುವ ಕೆಲಸ ಹೆಚ್ಚಾಗಿ ಇಲಿಗಳ ಮೇಲೆ. ಇಲಿಗೆ ಫಿಟ್ಸ್ ಕಡಿಮೆ ಆಯ್ತು ಅಂದ್ರೆ ಮಗುವಿಗೂ ಆಗುತ್ತೆ ಅಂತ ಅರ್ಥ ಅಲ್ಲ. ಗಿಡದಿಂದ ಫಿಟ್ಸ್ ಮದ್ದು ಬರೋದೇ ಇಲ್ಲ ಅಂತಾನೂ ಅಲ್ಲ. ಗಾಂಜಾ ಗಿಡದ ಕ್ಯಾನಬಿಡಿಯಾಲ್ ಎಂಬ ಅಂಶವನ್ನು ಶುದ್ಧೀಕರಿಸಿ, ರೋಗಿಗಳ ಮೇಲೆ ಪರೀಕ್ಷೆ ಮಾಡಿದ ಮೇಲೆ, 2018ರಲ್ಲಿ ಅಮೆರಿಕ ಎರಡು ಅಪರೂಪದ ಮೂರ್ಛೆ ಕಾಯಿಲೆಗಳಿಗೆ ಅನುಮತಿ ಕೊಟ್ಟಿತು. ಗಿಡದಿಂದ ಮದ್ದಾಗುವ ದಾರಿ ಅಷ್ಟು ದೂರ ಇದೆ.

ಇನ್ನು ಕೆಲವು ಗಿಡಗಳು ಉಲ್ಟಾ ಹೊಡೆಯುತ್ತವೆ. ಸರ್ಪಗಂಧದ ಬೇರನ್ನು ಹಿಂದಿನಿಂದ ನಿದ್ದೆಗೆ, ಹುಚ್ಚಿಗೆ ಕೊಡ್ತಿದ್ರು. ಅದರಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದೊತ್ತಡದ ಮಾತ್ರೆಯೂ ಆಯಿತು. ಆದರೆ ಮೂರ್ಛೆ ಇರುವವರಲ್ಲಿ ಇದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸಬಹುದು. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತೆ. ನಮ್ಮ ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಗದ್ದೆಯಲ್ಲಿ ಬೆಳೆಯುವ ಬಜೆಯನ್ನೂ ತೇಯ್ದು ಮಕ್ಕಳಿಗೆ ನೆಕ್ಕಿಸ್ತಾರೆ. ಅದರಲ್ಲಿರುವ ಬೀಟಾ ಅಸರೋನ್ ಇಲಿಗಳಲ್ಲಿ ಗಡ್ಡೆ ತಂದಿತ್ತು. ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ಬಳಕೆ ನಿಷೇಧಿಸಿತು.

ಹಾಗಾದ್ರೆ ಬಡವರಿಗೆ ಏನು ದಾರಿ? ಅದಕ್ಕೂ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ. ಯಳಂದೂರಿನ ಹಳ್ಳಿಗಳಲ್ಲಿ ವೈದ್ಯರು ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ತಪ್ಪದೆ ನುಂಗಿದ ಅನೇಕರಲ್ಲಿ ಕಾಯಿಲೆ ಹತೋಟಿಗೆ ಬಂತು. ಅದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಇದೇ ಮಾತ್ರೆಗಳನ್ನು ಥಟ್ ಅಂತ ನಿಲ್ಲಿಸಿದರೆ ನಿಲ್ಲದೇ ಇರುವ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ಆ ತಾಯಿಯ ಪ್ರಶ್ನೆಗೆ ನಾನು "ನಿಲ್ಲಿಸಿ" ಅಂದಿದ್ರೆ?

ಕಾನೂನು ಏನು ಹೇಳುತ್ತೆ

1954ರ ಮಾಂತ್ರಿಕ ಪರಿಹಾರ ಜಾಹೀರಾತು ತಡೆ ಕಾಯ್ದೆಯ ಪಟ್ಟಿಯಲ್ಲಿ ಮೂರ್ಛೆ ಕಾಯಿಲೆ ಇದೆ. ಅದನ್ನು ಗುಣಪಡಿಸ್ತೀವಿ ಅಂತ ಜಾಹೀರಾತು ಕೊಡುವಂತಿಲ್ಲ. ವಾಟ್ಸಾಪ್ ಸ್ಟೇಟಸ್, ರೀಲ್ಸ್ ಅಂದ್ರೂ ತಪ್ಪಿಸ್ಕೊಳ್ಳೋಕಾಗಲ್ಲ ಅಂತ ತಿಳ್ಕೊಳ್ಳಿ. ಪುಡಿ ಮಾಡಿ ರೋಗಕ್ಕೆ ಔಷಧಿ ಅಂತ ಮಾರಲು ಆಯುಷ್ ಪರವಾನಗಿ ಬೇಕು. ನನ್ನ ಹಳೇ ಲೇಬಲ್ ಎಲ್ಲಾ ಒಲೆಗೆ ಹಾಕಿದೆ. ಈಗ ಹೆಸರು, ತೂಕ, ಕೊಯ್ಲಿನ ತಿಂಗಳು ಮಾತ್ರ ಬರೀತೀನಿ.

ಹಾಗಾದ್ರೆ ಬೆಳೆಯೋದು ಬೇಡ್ವಾ?

ಬೇಕು ಕಣ್ರೀ. ಮಳೆ ಆಶ್ರಯದ ಕೆಂಪು, ಮರಳು ಮಿಶ್ರಿತ ಮಣ್ಣಿಗೆ ಅಶ್ವಗಂಧ ಒಳ್ಳೆಯ ಬೆಳೆ.

• ಜುಲೈ–ಆಗಸ್ಟ್‌ನಲ್ಲಿ ಬಿತ್ತನೆ. ಎರಚಿ ಬಿತ್ತುವುದಾದ್ರೆ ಎಕರೆಗೆ 4–5 ಕಿಲೋ ಬೀಜ. ಜವಾಹರ್ ಅಶ್ವಗಂಧ-20, ಪೋಷಿತಾ ತಳಿಗಳಿವೆ.
• ನೀರು ನಿಂತರೆ ಬೇರು ಕೊಳೆಯುತ್ತೆ. ಇಳಿಜಾರು, ಬಸಿಗಾಲುವೆ ನೋಡ್ಕೊಳ್ಳಿ.
• 150–180 ದಿನಕ್ಕೆ ಎಲೆ ಒಣಗಿ, ಹಣ್ಣು ಕೆಂಪಾದಾಗ ಕೀಳಿ. ಮಳೆ ಆಶ್ರಯದಲ್ಲಿ ಎಕರೆಗೆ ಒಂದೂವರೆಯಿಂದ 2 ಕ್ವಿಂಟಾಲ್ ಒಣ ಬೇರು ಸಿಗಬಹುದು.
• ಬೇರನ್ನು 7–10 ಸೆಂಟಿಮೀಟರ್ ತುಂಡು ಮಾಡಿ ಚೆನ್ನಾಗಿ ಒಣಗಿಸಿ. ಗಟ್ಟಿಯಾಗಿದ್ದು, ಮುರಿದರೆ ಟಪ್ ಅನ್ನಬೇಕು, ಒಳಗೆ ಬಿಳಿ ಇರಬೇಕು. ದಪ್ಪನೆ ಬೇರನ್ನು ಬೇರೆ ಮಾಡಿ, ಅದಕ್ಕೆ ಬೆಲೆ ಹೆಚ್ಚು.
• ಎಲೆ ಬೆರೆಸಬೇಡಿ. ಔಷಧಿಗೆ ಅಶ್ವಗಂಧದ ಎಲೆ ಬಳಸಬೇಡಿ ಅಂತ ಆಯುಷ್ ಸಚಿವಾಲಯ 2021ರಲ್ಲೇ ಕಂಪನಿಗಳಿಗೆ ಸೂಚಿಸಿದೆ.
• ಬಿತ್ತುವ ಮುಂಚೆಯೇ ಯಾರು ಕೊಳ್ತಾರೆ ಅಂತ ಗೊತ್ತು ಮಾಡ್ಕೊಳ್ಳಿ. ದೇಶದ ದೊಡ್ಡ ಮಾರುಕಟ್ಟೆ ಇರೋದು ಮಧ್ಯಪ್ರದೇಶದ ನೀಮಚ್‌ನಲ್ಲಿ.

ಕೊನೆಗೊಂದು ಮಾತು

ಹೊಲದಲ್ಲಿ ಯಾರಿಗಾದ್ರೂ ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಬಾಯಿಗೆ ಚಮಚ ಹಾಕೋದು ಯಾವುದೂ ಬೇಡ. ಕುಡುಗೋಲು, ಕಲ್ಲು ದೂರ ಸರಿಸಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಫೋನ್‌ನಲ್ಲಿ ಟೈಮ್ ನೋಡಿ. 5 ನಿಮಿಷ ದಾಟಿದ್ರೆ 108ಕ್ಕೆ ಕರೆ ಮಾಡಿ.

ಆ ಅಕ್ಕ ಈಗಲೂ ನನ್ನ ಹತ್ರ ಒಂದೆಲಗ ತರಿಸ್ತಾರೆ, ಪುಡಿ ಅಲ್ಲ, ಹಸಿ ಸೊಪ್ಪು. ಡಾಕ್ಟರನ್ನು ಕೇಳಿಯೇ ಮನೆಮಂದಿಗೆಲ್ಲ ಚಟ್ನಿ ಮಾಡ್ತಾರಂತೆ. ಹುಡುಗನ ಮಾತ್ರೆ ದಿನಾ ನಡೀತಿದೆ. ಶಾಲೆಗೂ ಹೋಗ್ತಿದಾನೆ.