ನೀರು ನೋಡಲು ಹೋದವನು ಮಣ್ಣು ನೋಡಿ ಬಂದೆ: ಸಿಂಧನೂರು–ಮಸ್ಕಿ–ಲಿಂಗಸುಗೂರು ಬೈಕ್ ಪಯಣ

ಡಿಸೆಂಬರ್ ಕೊನೆ ವಾರ. ಬೈಕಿನ ಹಿಂದೆ ಕಟ್ಟಿದ್ದ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಕುರ್ಪಿ, ಆರು ಪ್ಲಾಸ್ಟಿಕ್ ಚೀಲ, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಪೆನ್ನಿನಂಥ ಒಂದು ಇಸಿ ಮೀಟರ್. ಟ್ರಿಪ್ ಹೊರಟವರು ಇಂಥ ಸಾಮಾನು ಒಯ್ಯಲ್ಲ. ನನಗೆ ಮಾತ್ರ ಈ ಟ್ರಿಪ್ಪಿನಲ್ಲಿ ಒಂದು ಉತ್ತರ ಬೇಕಿತ್ತು.

ಸಿಂಧನೂರಿನ ಗೆಳೆಯ ತಿಂಗಳಿಂದ ಫೋನ್ ಮಾಡ್ತಿದ್ದ. "ನಮ್ಮ ಬಾಜೂಕ ಆರೆಕರೆ ಖಾಲಿ ಐತಿ. ಕಾಲುವಿ ನೀರು. ಐದು ವರ್ಷ ಲೀಜಿಗೆ ತಗೋ, ಇಬ್ಬರೂ ಕೂಡಿ ಬಾಳಿ ಹಚ್ಚೋಣು." ನಮ್ಮದು ಕೊಪ್ಪಳ ಕಡೆಯ ಮಸಾರಿ ಹೊಲ. ಬೇಸಿಗೆಯಲ್ಲಿ ಬೋರ್‌ವೆಲ್ ಉಸಿರು ಬಿಡುತ್ತೆ. ಕಾಲುವೆ ನೀರು ಅಂದ ಕೂಡಲೇ ನನ್ನ ಬಾಯಲ್ಲೂ ನೀರೂರಿತು. ಆದರೆ ಹಾಕಬೇಕಾಗಿದ್ದು ನಾಲ್ಕು ವರ್ಷ ಕೂಡಿಟ್ಟ ದುಡ್ಡು. ತೋಟಗಾರಿಕೆ ಡಿಗ್ರಿ ಮುಗಿಸಿ ಬಂದ ಹೊಸದರಲ್ಲಿ, ನೀರಿದೆ ಅಂತ ನೀರು ಬಸಿಯದ ಎರೆ ಮಣ್ಣಿನಲ್ಲಿ ಎರಡೆಕರೆ ದಾಳಿಂಬೆ ಇಟ್ಟು, ಬೇರು ಕೊಳೆತು ಕಳಕೊಂಡವನು ನಾನು. ಆ ಹುಣ್ಣು ಇನ್ನೂ ಮಾಯ್ದಿಲ್ಲ. ಅದಕ್ಕೇ ಮೂರು ದಿನ ತಿರುಗಾಡಿ, ಆಮೇಲೆ ಉತ್ತರ ಹೇಳ್ತೀನಿ ಅಂದೆ.

ಮೊದಲ ದಿನ: ಸಿಂಧನೂರು

ಸಿಂಧನೂರು ಹತ್ತಿರವಾದಂತೆ ರಸ್ತೆಯ ಅರ್ಧ ಭಾಗ ಕಣವಾಗಿತ್ತು. ಡಾಂಬರಿನ ಮೇಲೆ ನೆಲ್ಲು ಹರವಿ, ಸುತ್ತ ಕಲ್ಲಿಟ್ಟಿದ್ದರು. ಬೈಕಿನವರಿಗೆ ಆ ಕಲ್ಲುಗಳೇ ಅಪಾಯ. ಕತ್ತಲಾದ ಮೇಲೆ ಈ ಕಡೆ ಓಡಿಸಲೇಬೇಡಿ.

ಇದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಸುಮಾರು 227 ಕಿ.ಮೀ. ಉದ್ದದ ಈ ಕಾಲುವೆ ಬರುವ ಮೊದಲು ಇಲ್ಲಿ ಜೋಳ, ಹತ್ತಿ, ಶೇಂಗಾ ಇತ್ತು. ನೀರಿನ ಹಿಂದೆ ಆಂಧ್ರದಿಂದ ರೈತರು ಬಂದರು, ಕ್ಯಾಂಪುಗಳಾದವು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೂ ಸರ್ಕಾರ ಇಲ್ಲೇ ನೆಲೆ ಕೊಟ್ಟಿತು. ಇವತ್ತಿಗೂ ಅವು ಆರ್.ಎಚ್. ಕ್ಯಾಂಪ್ ಅಂತಲೇ ಹೆಸರುವಾಸಿ. ಒಂದೇ ಚಹಾದಂಗಡಿ ಮುಂದೆ ಕನ್ನಡ, ತೆಲುಗು, ಬಂಗಾಳಿ ಮೂರೂ ಕೇಳಿದೆ. ಮೂರರಲ್ಲೂ ಮಾತು ಒಂದೇ: ನೆಲ್ಲಿನ ರೇಟು.

ಯೋಜನೆ ಮಾಡಿದಾಗ ಈ ಅಚ್ಚುಕಟ್ಟಿನ ಬಹುಪಾಲು ಕಡಿಮೆ ನೀರಿನ ಬೆಳೆಗೇ ಅಂತ ಲೆಕ್ಕ ಹಾಕಿದ್ದರು. ನೀರು ಕಂಡ ಮೇಲೆ ಎಲ್ಲರೂ ಭತ್ತಕ್ಕೆ ಇಳಿದರು. ಅದರಿಂದ ಎರಡು ಸಂಕಟ. ಕಾಲುವೆ ಕೊನೆಯವರಿಗೆ ನೀರು ಮುಟ್ಟಲ್ಲ. ತಗ್ಗಿನ ಹೊಲದವರಿಗೆ ನೀರು ಬಿಡಲ್ಲ.

ಗೆಳೆಯ ತೋರಿಸಿದ ಆರೆಕರೆ ಹಳ್ಳದ ದಂಡೆಗೆ, ತಗ್ಗಿನಲ್ಲಿತ್ತು. ಕೊಯ್ಲು ಮುಗಿದು ಮೂರು ವಾರ ಆಗಿತ್ತು. ಬದುವಿನ ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. "ಅದು ಬಿಸಿಲಿಗೆ ಹಂಗ ಕಾಣ್ತದ," ಅಂದ. ನಾನು ಸುಮ್ಮನೆ ಕುರ್ಪಿ ತೆಗೆದೆ.

ಮೇಲಿನ ಮೂಲೆಯಿಂದ ಮತ್ತು ಹಳ್ಳದ ಕಡೆಯಿಂದ ಬೇರೆ ಬೇರೆ ಮಣ್ಣು ತೆಗೆದು, ಒಂದು ಪಾಲು ಮಣ್ಣಿಗೆ ಎರಡು ಪಾಲು ಡಿಸ್ಟಿಲ್ಡ್ ವಾಟರ್ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಮೀಟರ್ ಇಟ್ಟೆ. ಮೇಲಿನದು 0.7. ತಗ್ಗಿನದು 2.6. ಈ ಪದ್ಧತಿಯಲ್ಲಿ ಇಸಿ 1ರ ಒಳಗಿದ್ದರೆ ಚಿಂತೆ ಇಲ್ಲ. 1 ದಾಟಿದರೆ ಬೀಜ ಮೊಳೆಯಲು ತೊಂದರೆ, 2 ದಾಟಿದರೆ ಉಪ್ಪು ತಾಳದ ಬೆಳೆಗಳು ಸೊರಗುತ್ತವೆ. ಬಾಳೆ ಆ ಪಟ್ಟಿಯಲ್ಲೇ ಇದೆ.

ಇದು ಆಗೋದು ಹೀಗೆ: ನಿಂತ ನೀರು ಕೆಳಗಿಳಿದು ನೆಲದಡಿಯ ನೀರಿನ ಮಟ್ಟವನ್ನು ಮೇಲೆ ತರುತ್ತೆ. ಅದು ಮೂರ್ನಾಲ್ಕು ಅಡಿಗೆ ಬಂದರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಎರೆ ಮಣ್ಣು ಅದನ್ನು ಮೇಲಕ್ಕೆಳೆಯುತ್ತೆ. ಬಿಸಿಲಿಗೆ ನೀರು ಆರಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಭತ್ತ ನಿಂತ ನೀರಿನಲ್ಲಿರೋದರಿಂದ ಹೇಗೋ ಸಹಿಸುತ್ತೆ. ಭತ್ತ ಬಿಟ್ಟು ಬೇರೆ ಇಟ್ಟಾಗಲೇ ಸವಳು ಮುಖ ತೋರಿಸೋದು.

ಆ ರಾತ್ರಿ ಗೆಳೆಯನ ಮನೇಲಿ ಊಟ ಮಾಡಿದೆವು. ಇಬ್ಬರೂ ಬಾಳೆಯ ಮಾತೆತ್ತಲಿಲ್ಲ.

ಎರಡನೇ ದಿನ: ಮಸ್ಕಿ

ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ಮಸ್ಕಿ ಸುಮಾರು 30 ಕಿ.ಮೀ. ಬರ್ತಾ ಬರ್ತಾ ಗದ್ದೆ ಕಡಿಮೆಯಾಗಿ ಕಡಲೆ, ಬಿಳಿಜೋಳ, ತೊಗರಿ ಕಾಣತೊಡಗಿದವು. ಊರ ಪಕ್ಕದ ಗುಡ್ಡದಲ್ಲಿ, ಒಂದು ದೊಡ್ಡ ಬಂಡೆಯ ಮೇಲೆ ಅಶೋಕನ ಶಾಸನ.

1915ರಲ್ಲಿ ನಿಜಾಮ್ ಸಂಸ್ಥಾನದ ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಇದನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದು ಮಾತ್ರ ಇತ್ತು. ಆ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಈ ಬಂಡೆ. ಮುಂದೆ ಗುಜರ್ರಾ, ನಿಟ್ಟೂರು, ಉದೇಗೊಳಂನಲ್ಲೂ ಹೆಸರು ಸಿಕ್ಕಿತು. ಚಿನ್ನ ಹುಡುಕಿದವನಿಗೆ ಸಿಕ್ಕಿದ್ದು ಚಕ್ರವರ್ತಿಯ ಹೆಸರು!

ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ, ನಮಗೆ ಓದಲು ಬರಲ್ಲ. ಅರ್ಥ ಮಾತ್ರ ಸರಳ: ಧರ್ಮದಲ್ಲಿ ನಡೆದರೆ ಸಣ್ಣವನೂ ಎತ್ತರಕ್ಕೆ ಏರಬಲ್ಲ, ಅದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬಾರದು. ಎರಡೆಕರೆ ರೈತನಿಗೆ ಹೇಳಿದಂತಿದೆ ಅನ್ನಿಸಿತು. ಬೇರೆ ಕಡೆಯ ಬಂಡೆ ಶಾಸನಗಳಲ್ಲಿ ಅಶೋಕ, ಔಷಧಿ ಗಿಡ, ಗೆಡ್ಡೆ, ಹಣ್ಣಿನ ಗಿಡ ಇಲ್ಲದ ಕಡೆಗೆ ತರಿಸಿ ನೆಡಿಸಿದೆ, ದಾರಿಯಲ್ಲಿ ಬಾವಿ ತೋಡಿಸಿದೆ ಅಂತಲೂ ಹೇಳಿಕೊಂಡಿದ್ದಾನೆ. ಸಸಿ ತರಿಸಿ ನೆಡೋದು ಎರಡು ಸಾವಿರ ವರ್ಷ ಹಳೆಯ ಕೆಲಸ ಅಂತ ತಿಳಿದು ತೋಟಗಾರಿಕೆ ಓದಿದವನಿಗೆ ಖುಷಿಯಾಯ್ತು.

ಗುಡ್ಡದ ಮೇಲಿನ ಮಲ್ಲಿಕಾರ್ಜುನ ಗುಡಿಗೆ ಹತ್ತಿ ಕೆಳಗೆ ನೋಡಿ. ಎರೆ ಎಲ್ಲಿದೆ, ಮಸಾರಿ ಎಲ್ಲಿದೆ, ಹಳ್ಳ ಯಾವ ಕಡೆ ಹರಿಯುತ್ತೆ, ಎಲ್ಲ ನಕ್ಷೆ ಹಾಸಿದಂತೆ ಕಾಣುತ್ತೆ. ಹೊಲ ಕೊಳ್ಳುವ ಮುನ್ನ ಎತ್ತರದಿಂದ ನೋಡಬೇಕು ಅನ್ನೋದು ನನಗೆ ಅಲ್ಲೇ ಹೊಳೆದದ್ದು. ಗುಡ್ಡ ಇಲ್ಲದಿದ್ದರೆ ಫೋನಿನಲ್ಲಿ ಉಪಗ್ರಹ ಚಿತ್ರ ಇದ್ದೇ ಇದೆ. ಬೆಳ್ಳಗಿನ ಮಚ್ಚೆ, ಜಾಲಿ ತುಂಬಿದ ತಗ್ಗು ಅದರಲ್ಲಿ ಚೆನ್ನಾಗಿ ಕಾಣುತ್ತೆ. ಗೆಳೆಯನ ಬಾಜೂದ ಆರೆಕರೆ ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ಬೆಳ್ಳಗಿತ್ತು.

ಮೂರನೇ ದಿನ: ಲಿಂಗಸುಗೂರು, ಮುದಗಲ್

ಲಿಂಗಸುಗೂರಿನಲ್ಲಿ ತಂಗಿ, ಬೆಳಿಗ್ಗೆ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಮುದಗಲ್ಲಿಗೆ ಹೊರಟೆ. ಕೃಷ್ಣಾ, ತುಂಗಭದ್ರಾ ನಡುವಿನ ಈ ಸೀಮೆಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದೂ ಅದೇ ಜಗಳದಲ್ಲಿ. ಮುದಗಲ್ ಕೋಟೆ ಕೈ ಬದಲಿಸುತ್ತಲೇ ಇತ್ತು. ಕಂದಕ, ಗೋಡೆ, ಬುರುಜು ನೋಡುತ್ತಾ ಒಂದು ತಾಸು ಹೋದದ್ದೇ ಗೊತ್ತಾಗಲಿಲ್ಲ.

ಅಲ್ಲಿಂದ ಹತ್ತಿರವೇ ಪಿಕ್ಲಿಹಾಳ. 1950ರ ದಶಕದಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇಲ್ಲಿ ಅಗೆದು ನವಶಿಲಾಯುಗದ ದನಗಾರರ ನೆಲೆ ಕಂಡರು. ಬಂಡೆಗಳ ಮೇಲೆ ಡುಬ್ಬದ ಗೂಳಿಗಳ ಚಿತ್ರಗಳಿವೆ. ಆ ಕಾಲದ ಜನ ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿದಿಬ್ಬಗಳು ಬಳ್ಳಾರಿ ಬಳಿಯ ಕುಡತಿನಿಯಲ್ಲಿ, ಯಾದಗಿರಿ ಕಡೆಯ ಬೂದಿಹಾಳದಲ್ಲಿ ಇವೆ. ಸಾವಯವದವನಾದ ನನಗೆ ಹೊಟ್ಟೆ ಉರಿಯಿತು, ಅಷ್ಟು ಗೊಬ್ಬರ ಸುಟ್ಟರಲ್ಲ ಅಂತ! ಅವರು ಬೆಳೆದದ್ದು ಹುರುಳಿ, ಹೆಸರು, ಕೊರಲೆ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾದ ಇದೇ ಕಾಳುಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷದ ಹಿಂದಿನ ಬೆಳೆ ಇವತ್ತೂ ನಮ್ಮ ಹೊಲದಲ್ಲಿದೆ, ಯಾವ ಮಣ್ಣನ್ನೂ ಅದು ಸವಳು ಮಾಡಿಲ್ಲ.

ವಾಪಸ್ ಬರುವಾಗ ಒಂದು ಹೊಲದಿಂದ ಕೂಗಿದರು: "ಯಾವೂರು ತಮ್ಮಾ? ಬಾ, ಉಂಡು ಹೋಗು." ಅವತ್ತು ಎಳ್ಳಮಾವಾಸ್ಯೆ. ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಯಜಮಾನರ ಹೊಲಕ್ಕೂ ಕಾಲುವೆ ನೀರಿತ್ತು, ಆದರೂ ನಿಂತದ್ದು ಜೋಳ, ಕಡಲೆ. ಭತ್ತ ಯಾಕಿಲ್ಲ ಅಂದೆ. "ನೀರು ಕೊಡೂದು ಬಾಯಾರಿದಾಗ. ಹೊಲಕ್ಕೂ ಅಷ್ಟ," ಅಂದರು. ನಮ್ಮ ಕಾಲೇಜಿನ ಪಾಠ ಇದನ್ನೇ ಹತ್ತು ಪುಟದಲ್ಲಿ ಹೇಳಿತ್ತು.

ಕೊನೆಗೆ ಏನಾಯ್ತು?

ಸಂಜೆ ಗೆಳೆಯನಿಗೆ ಫೋನ್ ಮಾಡಿ ಲೀಜು ಬೇಡ ಅಂದೆ. ಅವನು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ, "ಹಂಗಾದ್ರ ನನ್ನ ಹೊಲದ ಗತಿ ಏನು?" ಅಂದ. ಅವನದೂ ಅದೇ ತಗ್ಗು. ನಿಜವಾದ ಪ್ರಶ್ನೆ ಅದೇ ಆಗಿತ್ತು.

ಈಗ ಅವನ ಒಂದೆಕರೆಯಲ್ಲಿ ಶುರು ಮಾಡಿದ್ದೇವೆ. ಹಳ್ಳಕ್ಕೆ ಬಸಿಗಾಲುವೆ ತೋಡಿಸಿ, ಡಯಾಂಚ ಬಿತ್ತಿ, ಮುಂದಿನ ಹಂಗಾಮಿಗೆ ಕೂರಿಗೆ ಭತ್ತ. ಬಾಳೆ ಬೇಕಾದರೆ ಮೇಲಿನ ಮೂಲೆಯಲ್ಲಿ ಹತ್ತು ಗುಂಟೆ ಮಾತ್ರ, ಏರುಮಡಿ ಮೇಲೆ.

ಕಾಲುವೆ ಹೊಲ ಹಿಡಿಯುವ ಮುನ್ನ

• ಕೊಯ್ಲಾದ ಮೇಲೆ ಅಥವಾ ಬೇಸಿಗೆಯಲ್ಲಿ ಹೋಗಿ ನೋಡಿ. ಹಸಿರು ಪೈರು ಇದ್ದಾಗ ಸವಳು ಅಡಗಿರುತ್ತೆ.

• ಎತ್ತರದ ಮಣ್ಣು, ತಗ್ಗಿನ ಮಣ್ಣು ಬೆರೆಸಬೇಡಿ. ಹಣ್ಣಿನ ಬೆಳೆಗಾದರೆ ಮೂರಡಿ ಗುಂಡಿ ತೆಗೆದು ಅಡಿಗೊಂದು ಮಾದರಿ ತೆಗೆಯಿರಿ. ಪೆನ್ ಮೀಟರ್ ಅಂದಾಜಿಗೆ ಮಾತ್ರ, ಲ್ಯಾಬ್ ವರದಿ ಬೇಕೇ ಬೇಕು.

• ಬಿಳಿ ಕಂಡ ಕೂಡಲೇ ಜಿಪ್ಸಂ ತರಬೇಡಿ. ಪಿಎಚ್ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ, ಅದೂ ವರದಿ ಹೇಳಿದಷ್ಟು. ಬರೀ ಉಪ್ಪಾದರೆ ಸಿಹಿನೀರಿನಲ್ಲಿ ತೊಳೆದು ಬಸಿಯಬೇಕು.

• ಬಸಿದ ನೀರು ಹೋಗಲು ದಾರಿ ಇಲ್ಲದಿದ್ದರೆ ಯಾವ ಔಷಧವೂ ನಾಟಲ್ಲ. ಮೊದಲು ಬಸಿಗಾಲುವೆ, ಆಮೇಲೆ ಬೆಳೆ.

• ಡಯಾಂಚ ಎಕರೆಗೆ ಸುಮಾರು 20 ಕೆ.ಜಿ. ಬಿತ್ತಿ, 45 ದಿನಕ್ಕೆ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ.

• ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಒಮ್ಮೆ ಹೋಗಿ ಕೇಳಿ.

ಇನ್ನು ಟ್ರಿಪ್ ಹೋಗೋದಾದರೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಬೇಸಿಗೆ ಬಿಸಿಲಲ್ಲಿ ಮಸ್ಕಿ ಗುಡ್ಡ ಹತ್ತೋ ಸಾಹಸ ಬೇಡ. ಒಬ್ಬರೇ ಹೋಗಿ, ನಾಲ್ಕು ಜನರ ಹತ್ತಿರ ಮಾತಾಡಿ. ಬ್ಯಾಗಿನಲ್ಲಿ ಒಂದು ಕುರ್ಪಿ ಇರಲಿ.

ಗೆಳೆಯನ ಒಂದೆಕರೆಯ ಮಣ್ಣನ್ನು ಮುಂದಿನ ಡಿಸೆಂಬರಿಗೆ ಅದೇ ಜಾಗದಿಂದ ಮತ್ತೆ ತೆಗೀತೀವಿ. 2.6 ಎಷ್ಟಕ್ಕೆ ಇಳಿಯಿತು ಅಂತ ಇಲ್ಲೇ ಬರೀತೀನಿ. ಇಳಿಯದಿದ್ದರೂ ಬರೀತೀನಿ.