ನೆರವಿನ ಬಾಗಿಲುಗಳು: ಗುಡೂರಿನಿಂದ ಜಿಲ್ಲಾ ಕೇಂದ್ರದವರೆಗೆ

ಮಗ್ಗದ ಸದ್ದು ಕೇಳುತ್ತ ಬೆಳೆದ ಊರುಗಳಲ್ಲಿ ಗುಡೂರೂ ಒಂದು. ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವಣ ಈ ಸೀಮೆಯಲ್ಲಿ ಇಳಕಲ್ ಸೀರೆಯೂ ಗುಳೇದಗುಡ್ಡದ ಖಣವೂ ಅನೇಕ ಮನೆತನಗಳಿಗೆ ಅನ್ನವಿತ್ತಿವೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ದುಡಿದವರಿಗೆ ಮುಪ್ಪು ಬಂದಾಗ ಮೊದಲು ಸೋಲುವುದು ಕಣ್ಣು, ಆಮೇಲೆ ಸೊಂಟ ಮತ್ತು ಮೊಣಕಾಲು. ಎರೆಹೊಲದಲ್ಲಿ ಕೂಲಿ ಮಾಡಿದವರ ಪಾಡೂ ಬೇರೆಯಲ್ಲ. ದುಡಿಯುವಷ್ಟು ದಿನ ಯಾರ ಮುಂದೆಯೂ ಚಾಚದ ಆ ಕೈಗಳು ಸೋತ ಮೇಲೆ ಅವರನ್ನು ನೋಡಿಕೊಳ್ಳಬೇಕಾದವರು ಯಾರು? ಮಕ್ಕಳೇ, ನೆರೆಹೊರೆಯವರೇ, ಮಠವೇ, ಸರಕಾರವೇ? ಎಲ್ಲರೂ ಎನ್ನುವುದು ಸುಲಭದ ಉತ್ತರ. ಆದರೆ ಎಲ್ಲರ ಹೊಣೆಯಾದದ್ದು ಕಡೆಗೆ ಯಾರ ಹೊಣೆಯೂ ಆಗದೆ ಉಳಿಯುವುದನ್ನು ನಾವು ಕಂಡಿದ್ದೇವೆ.

ಆ ಭಾಗದ ಒಂದು ಹಳ್ಳಿಯಲ್ಲಿ ನಮಗೆ ಪರಿಚಿತರಾದ ಒಬ್ಬ ವೃದ್ಧೆಯಿದ್ದರು. ಪತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ದುಡಿಯಲು ದೂರದ ಊರಿಗೆ ಹೋಗಿದ್ದ. ತಿಂಗಳಿಗೊಮ್ಮೆ ಬರುತ್ತಿದ್ದ ಪಿಂಚಣಿಯೇ ಅವರ ಔಷಧಕ್ಕೂ ಚಹಾಪುಡಿಗೂ ಆಧಾರ. ಅದು ಇದ್ದಕ್ಕಿದ್ದಂತೆ ನಿಂತಿತು. ಏಳು ತಿಂಗಳು ಅವರು ಕಚೇರಿಯಿಂದ ಕಚೇರಿಗೆ ಅಲೆದರು. ಒಂದು ಕಡೆ ‘ನಮ್ಮಿಂದ ಹಣ ಹೋಗಿದೆ’ ಎಂದರು. ಇನ್ನೊಂದು ಕಡೆ ‘ನಮಗೆ ಬಂದಿಲ್ಲ’ ಎಂದರು. ಇಬ್ಬರ ಮಾತೂ ಸುಳ್ಳಾಗಿರಲಿಲ್ಲ! ಕೊನೆಗೆ ನೆರೆಮನೆಯ ಒಬ್ಬ ಶಾಲಾ ಬಾಲಕಿ ಆಕೆಯ ಕಾಗದಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಓದಿದಳು. ಒಂದರಲ್ಲಿ ಬರಿಯ ಹೆಸರು, ಮತ್ತೊಂದರಲ್ಲಿ ಗಂಡನ ಹೆಸರು ಕೂಡಿದ ಹೆಸರು, ಮೂರನೆಯದರಲ್ಲಿ ಮನೆತನದ ಅಡ್ಡಹೆಸರು. ಮೂರು ಕಾಗದಗಳಲ್ಲಿ ಒಬ್ಬಳೇ ತಾಯಿ ಮೂವರಾಗಿದ್ದಳು. ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ದಾರಿಯಲ್ಲೇ ನಿಂತಿತ್ತು.

ಈ ಘಟನೆ ನಮ್ಮನ್ನು ಬಹುಕಾಲ ಕಾಡಿತು. ಹಣವಿತ್ತು, ಆದೇಶವಿತ್ತು, ಸಿಬ್ಬಂದಿಯೂ ಇದ್ದರು. ಇರದಿದ್ದುದು ಈ ಬಾಗಿಲುಗಳನ್ನೆಲ್ಲ ಒಟ್ಟಾಗಿ ನೋಡುವ ಒಂದು ಕಣ್ಣು ಮಾತ್ರ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಜನರ ಯೋಗಕ್ಷೇಮದ ವ್ಯವಸ್ಥೆ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಲೋಕಲ್ ಬೋರ್ಡಿನಿಂದ ಪಂಚಾಯತಿಯವರೆಗೆ

ಈ ವ್ಯವಸ್ಥೆ ಒಂದೇ ದಿನದಲ್ಲಿ ಆದದ್ದಲ್ಲ. ಗುಡೂರು ಸೀಮೆಯು ಹಿಂದೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. 1882ರಲ್ಲಿ ಲಾರ್ಡ್ ರಿಪ್ಪನ್ ಹೊರಡಿಸಿದ ಸ್ಥಳೀಯ ಸ್ವರಾಜ್ಯದ ನಿರ್ಣಯದ ತರುವಾಯ, 1884ರ ಕಾಯಿದೆಯಂತೆ ಅಲ್ಲಿ ಲೋಕಲ್ ಬೋರ್ಡುಗಳು ಬಂದವು. ರಸ್ತೆ, ಶಾಲೆ, ದವಾಖಾನೆಗಳು ಅವುಗಳ ಕೆಲಸ. ಮುದುಕರು, ವಿಧವೆಯರು, ಅಂಗವಿಕಲರು ಮಾತ್ರ ಮನೆಯವರ ಮತ್ತು ಧರ್ಮಸಂಸ್ಥೆಗಳ ಪಾಲಿಗೇ ಉಳಿದರು. ಏಕೀಕರಣದ ಅನಂತರ, 1965ರಲ್ಲಿ ವೃದ್ಧಾಪ್ಯ ವೇತನವೂ 1984ರಲ್ಲಿ ನಿರ್ಗತಿಕ ವಿಧವಾ ವೇತನವೂ ರಾಜ್ಯದಲ್ಲಿ ಆರಂಭವಾದವು. ದುಡಿದು ದಣಿದವರಿಗೆ ನೆರವಾಗುವುದು ದಯೆಯಲ್ಲ, ಆಡಳಿತದ ಕರ್ತವ್ಯ ಎಂಬ ಭಾವನೆ ಹೀಗೆ ನೆಲೆಗೊಂಡಿತು.

ಅಧಿಕಾರವನ್ನು ಹಳ್ಳಿಯ ಹತ್ತಿರಕ್ಕೆ ತಂದ ದೊಡ್ಡ ಪ್ರಯತ್ನ 1983ರ ಕಾಯಿದೆ. ಅಬ್ದುಲ್ ನಜೀರ್ ಸಾಬ್ ಅವರ ಆಸಕ್ತಿಯಿಂದ ರೂಪುಗೊಂಡ ಆ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆದವು. ಮಂಡಲ ಪ್ರಧಾನರ ಮನೆಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಪಂಚಾಯಿತಿಕೆ ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ 1993ರಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತದ ಪಂಚಾಯತಿಗಳು ಬಂದವು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಅದುವರೆಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ಕೃಷ್ಣೆಯನ್ನು ದಾಟಿ ವಿಜಾಪುರಕ್ಕೆ ಹೋಗಬೇಕಾಗಿತ್ತು. ಮುಂದೆ ಇಳಕಲ್ಲೂ ತಾಲ್ಲೂಕು ಕೇಂದ್ರವಾಯಿತು. ಕಚೇರಿಗಳು ಹತ್ತಿರ ಬಂದವು. ಆದರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ನೆರವು ಹತ್ತಿರ ಬಂದಂತಾಗುವುದೇ?

ಎರಡು ಸಾಲು, ಹಲವು ಬಾಗಿಲು

ಜಿಲ್ಲೆಯ ಸೇವೆಗಳು ಮುಖ್ಯವಾಗಿ ಎರಡು ಸಾಲುಗಳಲ್ಲಿ ಹರಿದು ಬರುತ್ತವೆ. ಇದೊಂದನ್ನು ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಮೊದಲನೆಯದು ಕಂದಾಯ ಇಲಾಖೆಯ ಸಾಲು. ಇದರ ಮೇಲ್ತುದಿಯಲ್ಲಿ ಜಿಲ್ಲಾಧಿಕಾರಿಗಳು, ನಡುವೆ ತಹಶೀಲ್ದಾರರು, ಹೋಬಳಿಯ ಮಟ್ಟದಲ್ಲಿ ನಾಡಕಚೇರಿ, ಹಳ್ಳಿಯಲ್ಲಿ ಜನ ಇಂದಿಗೂ ತಲಾಟಿ ಎಂದೇ ಕರೆಯುವ ಗ್ರಾಮ ಆಡಳಿತಾಧಿಕಾರಿ. ವೃದ್ಧಾಪ್ಯ, ವಿಧವಾ, ಅಂಗವಿಕಲರ ಪಿಂಚಣಿಗಳೆಲ್ಲ ಈ ದಾರಿಯವು. ಅರುವತ್ತೈದು ದಾಟಿದ ದುರ್ಬಲರಿಗಾಗಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯೂ ಇದೇ ಸಾಲಿನದು. 2021ರಲ್ಲಿ ಅದರ ಮಾಸಿಕ ಮೊತ್ತವನ್ನು 1000 ರೂಪಾಯಿಗಳಿಂದ 1200ಕ್ಕೂ, ವಿಧವಾ ವೇತನವನ್ನು 600ರಿಂದ 800ಕ್ಕೂ ಏರಿಸಲಾಯಿತು. ಪಟ್ಟಣದವರಿಗೆ ಇದು ಅಲ್ಪವೆನಿಸಬಹುದು. ಒಬ್ಬಂಟಿ ಮುದುಕಿಗೆ ಅದು ಸೊಸೆಯ ಮುಂದೆ ತಲೆಯೆತ್ತಿ ಕೂಡುವ ಬಲ.

ಎರಡನೆಯದು ಪಂಚಾಯತಿಯ ಸಾಲು. ಜಿಲ್ಲಾ ಪಂಚಾಯತಿಗೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ತಾಲ್ಲೂಕಿಗೆ ಕಾರ್ಯನಿರ್ವಾಹಕ ಅಧಿಕಾರಿ, ಗ್ರಾಮಕ್ಕೆ ಅಭಿವೃದ್ಧಿ ಅಧಿಕಾರಿ. ಮನೆ, ನೀರು, ಶೌಚಾಲಯ, ಬೀದಿದೀಪಗಳ ವಿಚಾರ ಇಲ್ಲಿಯದು. ಪಂಚಾಯತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿರಿಸಬೇಕೆಂಬ ನಿಯಮವಿದೆ. ಅವರ ಅಹವಾಲು ಕೇಳಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಎಷ್ಟು ಮನೆಗಳವರು ಇದನ್ನು ಬಲ್ಲರು?

ಈ ಎರಡು ಸಾಲುಗಳ ಜೊತೆಗೆ ಇಲಾಖೆಗಳ ಕೈಗಳೂ ಹಳ್ಳಿಯವರೆಗೆ ಚಾಚಿವೆ. ಮಕ್ಕಳ ಸಮಗ್ರ ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರವೊಂದೇ. ಇಂದು ಅಂಗನವಾಡಿಯಿಲ್ಲದ ಊರು ವಿರಳ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಲ್ಲಿಯೇ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಬಂದಿತು. ಆರೋಗ್ಯಕ್ಕೆ ಆಶಾ ಕಾರ್ಯಕರ್ತೆ, ಪಡಿತರಕ್ಕೆ ನ್ಯಾಯಬೆಲೆ ಅಂಗಡಿ, ಆಪತ್ತಿನಲ್ಲಿರುವ ಮಕ್ಕಳಿಗೆ 1098 ಎಂಬ ದೂರವಾಣಿ. ತಂದೆತಾಯಿಗಳನ್ನು ಮಕ್ಕಳು ಕೈಬಿಟ್ಟರೆ 2007ರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳುವ ಹಕ್ಕೂ ಉಂಟು. ಈ ಕೊನೆಯ ಬಾಗಿಲನ್ನು ಯಾವ ತಂದೆತಾಯಿಯೂ ತಟ್ಟುವಂತಾಗದಿರಲಿ ಎಂಬುದೇ ನಮ್ಮ ಹಾರೈಕೆ.

ಒಂದೇ ಸೂರಿನ ಆಸೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಊರಿಗೆ ಬಂದಾಗ ಅಲ್ಲಿಯ ಕೌಂಟಿಯ ಮಾತನ್ನು ಆಡುವುದುಂಟು. ಕೌಂಟಿಯೆಂದರೆ ನಮ್ಮ ತಾಲ್ಲೂಕು-ಜಿಲ್ಲೆಗಳ ನಡುವಿನ ಒಂದು ಆಡಳಿತ ಘಟಕವೆನ್ನಬಹುದು. ಅಲ್ಲಿ ಅನೇಕ ಕೌಂಟಿಗಳಲ್ಲಿ ಆಹಾರದ ನೆರವು, ಮಕ್ಕಳ ರಕ್ಷಣೆ, ವೃದ್ಧರ ಆರೈಕೆ ಇವೆಲ್ಲ ಒಂದೇ ಇಲಾಖೆಯ ಕೆಳಗಿರುತ್ತವೆ. ಒಂದು ಕುಟುಂಬದ ಕಷ್ಟವನ್ನು ಒಬ್ಬ ಕಾರ್ಯಕರ್ತರು ಮೊದಲಿನಿಂದ ಕೊನೆಯವರೆಗೆ ಗಮನಿಸುವ ಪದ್ಧತಿಯೂ ಉಂಟು. ಆ ನಾಡಿಗೆ ಈ ವಿಚಾರ ಬಂದದ್ದು ಇಂಗ್ಲೆಂಡಿನಿಂದ. 1601ರ ಕಾಯಿದೆಯು ಬಡವರ ಹೊಣೆಯನ್ನು ಆಯಾ ಊರಿನ ಪ್ಯಾರಿಷ್‌ಗೆ ವಹಿಸಿ, ಅದಕ್ಕಾಗಿ ಊರವರಿಂದಲೇ ತೆರಿಗೆ ಎತ್ತಿತು. ಅಲ್ಲಿಯೂ ದೋಷಗಳಿಲ್ಲವೆಂದಲ್ಲ. ಆದರೆ ಒಬ್ಬರ ಕಷ್ಟವನ್ನು ಇಡಿಯಾಗಿ ನೋಡುವ ಒಬ್ಬರು ಬೇಕು ಎಂಬ ತತ್ತ್ವ ಅನುಕರಣೀಯ.

ನಮ್ಮಲ್ಲಿ ಅಂಥ ಒಬ್ಬರು ಇಲ್ಲವೇ? ಕಾನೂನಿನ ಪ್ರಕಾರ ಇದ್ದಾರೆ. ಅವರ ಹೆಸರು ಗ್ರಾಮಸಭೆ. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಫಲಾನುಭವಿಗಳ ಪಟ್ಟಿ ಅಲ್ಲಿ ಓದಲ್ಪಡಬೇಕು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಯಾರ ಮಗುವಿಗೆ ನಡೆಯಲು ಬರುವುದಿಲ್ಲ, ಯಾರ ಪಿಂಚಣಿ ನಿಂತಿದೆ ಎಂಬುದು ಊರವರಿಗಲ್ಲದೆ ಜಿಲ್ಲಾ ಕೇಂದ್ರಕ್ಕೆ ಹೇಗೆ ತಿಳಿದೀತು? ಆದರೆ ವಾಸ್ತವದಲ್ಲಿ ಗ್ರಾಮಸಭೆಯೆಂದರೆ ಅನೇಕರಿಗೆ ಬೇಸರ. ಹೋದವರೂ ತಮ್ಮ ಮನೆಯ ಕೆಲಸವೊಂದನ್ನೇ ಕೇಳಿ ಹಿಂತಿರುಗುತ್ತಾರೆ. ಮೇಲಿನ ಹಂತಗಳಲ್ಲಿಯೂ ಕೊರತೆಯಿದೆ: ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಕೇಳುವ ಜನಪ್ರತಿನಿಧಿಗಳಿಲ್ಲದಂತಾಯಿತು. ಅಂಥ ಕಾಲದಲ್ಲಿ ಗ್ರಾಮಸಭೆಯ ಹೊಣೆ ಇಮ್ಮಡಿಯಾಗುತ್ತದೆ.

ಕುಟುಂಬಗಳು ಮಾಡಬಹುದಾದುದು

ಕಾಯಕ, ದಾಸೋಹಗಳನ್ನು ಕುರಿತು ನಾವು ಬಹಳ ಮಾತಾಡುತ್ತೇವೆ. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದರೆ, ಅಕ್ಷರ ಬಾರದವರ ಅರ್ಜಿಯನ್ನು ತುಂಬಿಕೊಡುವುದೂ ದಾಸೋಹವೇ ಅಲ್ಲವೇ? ಇದಕ್ಕೆ ಹಣ ಬೇಕಿಲ್ಲ. ಒಂದು ಮಧ್ಯಾಹ್ನದ ಬಿಡುವು ಸಾಕು.

ಮನೆಯಲ್ಲಿ ಹಿರಿಯರಿದ್ದರೆ ಅವರ ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ಹೆಸರು ಒಂದೇ ಬಗೆಯಾಗಿದೆಯೇ ಎಂದು ಓದಿ ನೋಡಿರಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿರಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಪಡೆಯದೆ ಹಿಂತಿರುಗಬೇಡಿರಿ. 2011ರ ಸಕಾಲ ಕಾಯಿದೆಯಂತೆ ಆ ಪತ್ರದ ಮೇಲೆ 15 ಅಂಕಿಗಳ ಸಂಖ್ಯೆಯಿರುತ್ತದೆ. ಗೊತ್ತುಪಡಿಸಿದ ದಿನಗಳೊಳಗೆ ಕೆಲಸವಾಗದಿದ್ದರೆ ಮೇಲ್ಮನವಿಗೂ, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರಕ್ಕೂ ಕಾಯಿದೆ ಅವಕಾಶ ಕೊಟ್ಟಿದೆ. ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಓಣಿಯ ಒಬ್ಬ ಅಸಹಾಯಕರ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಅವರು ಯಾವ ಜಾತಿಯವರು, ಯಾರಿಗೆ ಮತ ಹಾಕಿದವರು ಎಂದು ನೋಡಬೇಡಿರಿ.

ಮೇಲೆ ಹೇಳಿದ ಆ ತಾಯಿಯ ಪಿಂಚಣಿ ಹೆಸರು ಸರಿಪಡಿಸಿದ ಕೆಲವು ವಾರಗಳಲ್ಲಿ ಮತ್ತೆ ಆರಂಭವಾಯಿತು. ಸುದ್ದಿ ಕೇಳಿ ನಾವು ನೋಡಲು ಹೋದಾಗ ಆಕೆ ಸಂತೋಷಪಟ್ಟರು. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದರು: ‘ಇಷ್ಟೇ ಇದ್ದರ ಮೊದಲ ಯಾರರೆ ಒಬ್ಬರು ಓದಿ ಹೇಳಬಾರದಿತ್ತೇನ್ರಿ?’

ಆ ಏಳು ತಿಂಗಳಲ್ಲಿ ನಾವೂ ಎರಡು ಬಾರಿ ಆಕೆಯ ಮನೆಗೆ ಹೋಗಿ ಚಹಾ ಕುಡಿದು ಬಂದಿದ್ದೆವು. ಕಾಗದಗಳನ್ನು ತೋರಿಸಿರೆಂದು ಕೇಳಿರಲಿಲ್ಲ.